ಬಗ್ಗಡ ನೀರಿನಿಂದ ಪರಿಸರ ಡಿಎನ್‌ಎ: ಫಿಲ್ಟರ್ ಬದಲಿಸಲೋ, ಕಿಟ್ ಬದಲಿಸಲೋ?

ಕೊಳದಂಡೆ:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಚಿಂತೆಯಲ್ಲಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಮೂರು ಕೊಳಗಳಲ್ಲಿ ಒಂದು ಜಾತಿಯ ಮೀನು ಇದೆಯೇ ಇಲ್ಲವೇ ಎಂದು ಪರಿಸರ ಡಿಎನ್‌ಎಯಿಂದ, ಅಂದರೆ ಪ್ರಾಣಿಗಳು ನೀರಿಗೆ ಬಿಟ್ಟ ಡಿಎನ್‌ಎಯಿಂದ, ಪತ್ತೆ ಮಾಡಬೇಕು. ಮಳೆ ಬಿದ್ದ ಮರುದಿನ ಮಾದರಿ ತೆಗೆದದ್ದರಿಂದ ನೀರು ಬಗ್ಗಡವಾಗಿತ್ತು. 0.45 ಮೈಕ್ರಾನ್ ರಂಧ್ರದ ಸೆಲ್ಯುಲೋಸ್ ನೈಟ್ರೇಟ್ ಫಿಲ್ಟರ್ ಬಳಸಿದೆ. ಒಂದು ಲೀಟರ್ ಸೋಸುವ ಯೋಚನೆಯಿತ್ತು. 200 ಮಿಲಿಲೀಟರ್ ದಾಟುವ ಹೊತ್ತಿಗೆ ಪಂಪು ಏದುಸಿರು ಬಿಡತೊಡಗಿತು, ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಅಲ್ಲಿಗೇ ನಿಲ್ಲಿಸಿದೆ. ಫಿಲ್ಟರ್ ಮೇಲೆ ಹಸಿರುಗಂದು ಬಣ್ಣದ ದಪ್ಪ ಪದರ ಕೂತಿತ್ತು.

ಫಿಲ್ಟರನ್ನು ಎರಡು ಭಾಗ ಮಾಡಿ ಒಂದನ್ನು ಕಾಲಂ ಕಿಟ್‌ನಲ್ಲಿ (ಡಿಎನ್‌ಎಯನ್ನು ಪುಟ್ಟ ಕೊಳವೆಯ ಪೊರೆಗೆ ಅಂಟಿಸಿ, ತೊಳೆದು, ಇಳಿಸಿಕೊಳ್ಳುವ ಕಿಟ್) ಸಂಸ್ಕರಿಸಿದೆ, ಇನ್ನೊಂದನ್ನು ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಕೊನೆಗೆ 100 ಮೈಕ್ರೋಲೀಟರ್ ದ್ರಾವಣ ಸಿಕ್ಕಿತು. ಅದರಲ್ಲಿ 2 ಮೈಕ್ರೋಲೀಟರ್‌ನಂತೆ ಹಾಕಿ, ಪ್ರತಿ ಕೊಳಕ್ಕೂ 8 ಕ್ಯೂಪಿಸಿಆರ್ ಕ್ರಿಯೆ (ಬೇಕಾದ ಡಿಎನ್‌ಎಯನ್ನು ಸುತ್ತು ಸುತ್ತಾಗಿ ಹೆಚ್ಚಿಸಿ ಪತ್ತೆ ಹಚ್ಚುವ ಪರೀಕ್ಷೆ) ನಡೆಸಿದೆ. ಮೊದಲ ಕೊಳದಲ್ಲಿ 8ರಲ್ಲಿ 2 ಧನಾತ್ಮಕ. ಉಳಿದ ಎರಡರಲ್ಲಿ ಸೊನ್ನೆ. ಕಲಬೆರಕೆ ಪತ್ತೆಗೆಂದು ಇಟ್ಟ ಖಾಲಿ ಮಾದರಿಗಳೆಲ್ಲ ಶುದ್ಧವಾಗಿವೆ.

ಎರಡನೆಯ ಕೊಳದಲ್ಲಿ ಆ ಮೀನನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೆಳಕು ಹೀರುವಿಕೆಯನ್ನು ಅಳೆಯುವ ನ್ಯಾನೋಡ್ರಾಪ್ ಯಂತ್ರದಲ್ಲಿ ನೋಡಿದರೆ ಡಿಎನ್‌ಎ ಪ್ರಮಾಣ ಮೈಕ್ರೋಲೀಟರ್‌ಗೆ 38 ನ್ಯಾನೋಗ್ರಾಂ, ಅಂದರೆ ಧಾರಾಳವಾಗಿದೆ. ಹಾಗಾದರೆ ತೊಂದರೆ ಎಲ್ಲಿದೆ? ಮಾರ್ಗದರ್ಶಕರು ಕಿಟ್ ಬದಲಿಸೋಣ ಎನ್ನುತ್ತಾರೆ, ಜೊತೆಗಿರುವವರು ಫಿಲ್ಟರ್ ಬದಲಿಸು ಎನ್ನುತ್ತಾರೆ.

ತಿಳಿನೀರು:
ಫಿಲ್ಟರ್ ಬದಲಿಸಿ. ಬಗ್ಗಡ ನೀರಿಗೆ 0.45 ಆಗುವುದಿಲ್ಲ. ಗಾಜಿನ ನಾರಿನ ಫಿಲ್ಟರ್ ತೆಗೆದುಕೊಳ್ಳಿ, 1.2 ಅಥವಾ 1.5 ಮೈಕ್ರಾನ್.

ಕಪ್ಪೆಮರಿ:
ಸೋಸುವುದೇ ಏಕೆ? 15 ಮಿಲಿಲೀಟರ್ ನೀರಿಗೆ ಸೋಡಿಯಂ ಅಸಿಟೇಟ್ ಮತ್ತು ಎಥನಾಲ್ ಹಾಕಿ ಸೆಂಟ್ರಿಫ್ಯೂಜ್ ಮಾಡಿ ಗಸಿ ಇಳಿಸಿದರೆ ಮುಗಿಯಿತು. ಫ್ರಾನ್ಸಿನ ಜೌಗುನೆಲಗಳಲ್ಲಿ ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯನ್ನು ಪತ್ತೆ ಹಚ್ಚಿದ್ದು ಈ ವಿಧಾನದಿಂದಲೇ, ಆ ಪ್ರಬಂಧ ಬಂದದ್ದು 2008ರಲ್ಲಿ. ಪಂಪು ಬೇಡ, ಕಟ್ಟಿಕೊಳ್ಳುವ ಫಿಲ್ಟರ್ ಬೇಡ.

ತಿಳಿನೀರು:
ಕಪ್ಪೆಮರಿ ಅವರೇ, ಅದು ಸಣ್ಣ ಕೊಳ, ಕಪ್ಪೆಯ ಗೊದಮೊಟ್ಟೆಗಳು ತುಂಬಿರುವ ನೀರು. ಮೀನು ವಿರಳವಾಗಿದ್ದರೆ 15 ಮಿಲಿಲೀಟರ್‌ನಲ್ಲಿ ಏನು ಸಿಗುತ್ತದೆ? 2011ರಲ್ಲಿ ಪ್ರಕಟವಾದ ಏಷ್ಯನ್ ಕಾರ್ಪ್ ಅಧ್ಯಯನದಲ್ಲಿ ಷಿಕಾಗೋ ಕಾಲುವೆಗಳಿಂದ ಮಾದರಿಗೆ ಎರಡು ಲೀಟರ್ ನೀರು ತೆಗೆದು 1.5 ಮೈಕ್ರಾನ್ ಗಾಜಿನ ಫಿಲ್ಟರ್‌ನಲ್ಲಿ ಸೋಸಿದ್ದರು. ನೀರಿನ ಪ್ರಮಾಣವೇ ಮುಖ್ಯ.

ಕಪ್ಪೆಮರಿ:
ಪ್ರಮಾಣವೇ ಮುಖ್ಯ ಎಂದಾದರೆ ಬ್ರಿಟನ್ನಿನಲ್ಲಿ ಜುಟ್ಟಿನ ನ್ಯೂಟ್ ಎಂಬ ಉಭಯವಾಸಿಯ ಸಮೀಕ್ಷೆಗೆ ಎಥನಾಲ್ ವಿಧಾನವನ್ನು ಏಕೆ ಒಪ್ಪಿಕೊಂಡರು? ಕೊಳದ ಸುತ್ತ 20 ಕಡೆ ನೀರು ತೆಗೆದು, ಒಂದೇ ಚೀಲದಲ್ಲಿ ಕಲಸಿ, ಅದರಿಂದ 15 ಮಿಲಿಲೀಟರ್‌ನ 6 ಟ್ಯೂಬುಗಳನ್ನು ತುಂಬುತ್ತಾರೆ. ಒಟ್ಟು 90 ಮಿಲಿಲೀಟರ್. ಒಂದೇ ಜಾಗದ ಒಂದು ಲೀಟರ್‌ಗಿಂತ 20 ಜಾಗಗಳ 90 ಮಿಲಿಲೀಟರ್ ಮೇಲು ಎಂಬುದು ನನ್ನ ವಾದ. ನಿಂತ ನೀರಿನಲ್ಲಿ ಡಿಎನ್‌ಎ ಸಮನಾಗಿ ಹರಡಿರುವುದಿಲ್ಲ. ಪ್ರಾಣಿ ಇದ್ದ ಮೂಲೆಯಲ್ಲಿ ಹೆಚ್ಚು, ಹತ್ತು ಹೆಜ್ಜೆ ಆಚೆ ಏನೂ ಇಲ್ಲ ಎನ್ನುವಂತೆ ಇರಬಹುದು.

ತಿಳಿನೀರು:
20 ಕಡೆ ತೆಗೆಯಬೇಕು ಎಂಬುದು ಸರಿ, ಒಪ್ಪಿದೆ. ಆದರೆ 20 ಕಡೆ ತೆಗೆದ ನೀರನ್ನು ಸೋಸಲೂಬಹುದಲ್ಲ?

ಹಳೆ ಪಿಪೆಟ್:
ಫಿಲ್ಟರ್, ಕಿಟ್ ಎರಡನ್ನೂ ಸ್ವಲ್ಪ ಬದಿಗಿಡಿ. ಕೊಳದಂಡೆ ಅವರು ಕೊಟ್ಟಿರುವ ಅಂಕಿಗಳನ್ನೇ ನೋಡೋಣ, ಉತ್ತರ ಅಲ್ಲೇ ಇದೆ.

ಸೋಸಿದ್ದು 200 ಮಿಲಿಲೀಟರ್. ಅರ್ಧ ಫಿಲ್ಟರ್ ಬಳಸಿದ್ದರಿಂದ ಅದು 100 ಮಿಲಿಲೀಟರ್ ಆಯಿತು. ಆ 100 ಮಿಲಿಲೀಟರ್ ನೀರಿನ ಡಿಎನ್‌ಎ 100 ಮೈಕ್ರೋಲೀಟರ್ ದ್ರಾವಣದಲ್ಲಿ ಬಂತು. ಅದರಲ್ಲಿ 2 ಮೈಕ್ರೋಲೀಟರ್ ಒಂದು ಕ್ರಿಯೆಗೆ ಹೋಯಿತು. ಅಂದರೆ ಒಂದು ಕ್ರಿಯೆ ನೋಡಿದ್ದು 2 ಮಿಲಿಲೀಟರ್ ಕೊಳದ ನೀರನ್ನು. ಎಂಟೂ ಸೇರಿ 16 ಮಿಲಿಲೀಟರ್, ಅದೂ ನಡುವೆ ಒಂದು ಅಣುವೂ ನಷ್ಟವಾಗಿಲ್ಲ ಎಂದುಕೊಂಡರೆ. ಇಡೀ ಕೊಳದ ಪರವಾಗಿ ಸಾಕ್ಷಿ ಹೇಳಿದ್ದು ಒಂದು ದೊಡ್ಡ ಚಮಚ ನೀರು.

ಬಹುತೇಕ ಎಲ್ಲರೂ ಎಷ್ಟು ಲೀಟರ್ ಸೋಸಿದೆವು ಎಂದು ಬರೆದಿಟ್ಟುಕೊಳ್ಳುತ್ತಾರೆ, ಎಷ್ಟು ಮಿಲಿಲೀಟರ್ ಪಿಸಿಆರ್ ತನಕ ತಲುಪಿತು ಎಂದು ಬರೆದಿಡುವವರು ಕಡಿಮೆ. ಇದನ್ನು ನಾನು ಹತ್ತಾರು ಬಾರಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಡಿಎನ್‌ಎ ಪಡೆಯುವ ವಿಧಾನ ಎಂದರೆ ಕಿಟ್‌ನ ಹೆಸರಲ್ಲ. ಬಾಟಲಿಯಿಂದ ಪಿಸಿಆರ್ ತನಕದ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಸೋರಿತು ಎಂಬ ಲೆಕ್ಕ.

ಲೆಕ್ಕದ ಪುಸ್ತಕ:
ಹಳೆ ಪಿಪೆಟ್ ಅವರ ಮಾತಿಗೆ ಇನ್ನಷ್ಟು ಅಂಕಿ ಸೇರಿಸುತ್ತೇನೆ. 8ರಲ್ಲಿ 6 ಋಣಾತ್ಮಕ ಎಂದರೆ 0.75. ವಿರಳ ಘಟನೆಗಳ ಲೆಕ್ಕಕ್ಕೆ ಬಳಸುವ ಪ್ವಾಸಾನ್ ಹಂಚಿಕೆಯ ಪ್ರಕಾರ ಒಂದೊಂದು ಕ್ರಿಯೆಗೆ ಮೀನಿನ ಡಿಎನ್‌ಎಯ ಸರಾಸರಿ ಸುಮಾರು 0.29 ಪ್ರತಿ (ನಕಲು) ಹೋಗಿದೆ. 2 ಮಿಲಿಲೀಟರ್ ನೀರಿಗೆ 0.29 ಎಂದರೆ ಲೀಟರ್‌ಗೆ ಸುಮಾರು 144 ಪ್ರತಿಗಳು.

ಈಗ ಅದೇ 200 ಮಿಲಿಲೀಟರ್ ನೀರು, ಅದೇ ಕಿಟ್. ಆದರೆ ಇಡೀ ಫಿಲ್ಟರ್ ಬಳಸಿ, 50 ಮೈಕ್ರೋಲೀಟರ್‌ನಲ್ಲಿ ಇಳಿಸಿಕೊಂಡು, ಕ್ರಿಯೆಗೆ 4 ಮೈಕ್ರೋಲೀಟರ್ ಹಾಕಿದರೆ ಪ್ರತಿ ಕ್ರಿಯೆಗೂ 16 ಮಿಲಿಲೀಟರ್ ನೀರು ಸಿಗುತ್ತದೆ, ಸರಾಸರಿ 2.3 ಪ್ರತಿಗಳು. ಆಗ ಒಂದು ಕ್ರಿಯೆ ಋಣಾತ್ಮಕವಾಗುವ ಸಂಭವ ಹತ್ತರಲ್ಲಿ ಒಂದು ಮಾತ್ರ. ಏನನ್ನೂ ಹೊಸದಾಗಿ ಕೊಳ್ಳದೆ 8ರಲ್ಲಿ 7 ಧನಾತ್ಮಕ ಬರಬಹುದಾಗಿತ್ತು.

ಕೇವಲ 8 ಕ್ರಿಯೆಗಳಿಂದ ಬಂದ ಅಂದಾಜು ಇದು, ಎರಡೂ ಕಡೆ ಸಾಕಷ್ಟು ಜಾರುತ್ತದೆ. ಆದರೂ ದಿಕ್ಕು ಸರಿಯಾಗಿದೆ.

ಹ್ಯೂಮಿಕ್:
ಲೆಕ್ಕ ಸುಂದರವಾಗಿದೆ, ನೀರು ಸುಂದರವಾಗಿಲ್ಲ. ಹಸಿರುಗಂದು ಪದರ ಎಂದು ಅವರೇ ಬರೆದಿದ್ದಾರೆ. ಡಿಎನ್‌ಎಯನ್ನು ಎಂಟು ಪಟ್ಟು ಸಾಂದ್ರ ಮಾಡಿದರೆ ಕೊಳೆತ ಎಲೆಗಳಿಂದ ನೀರಿಗೆ ಬರುವ ಹ್ಯೂಮಿಕ್ ಆಮ್ಲವೂ ಎಂಟು ಪಟ್ಟು ಸಾಂದ್ರವಾಗುತ್ತದೆ. ಪಿಸಿಆರ್‌ನಲ್ಲಿ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವ ಅಲ್ಲೇ ಸ್ತಬ್ಧವಾಗುತ್ತದೆ, 8ರಲ್ಲಿ 7 ಅಲ್ಲ, 8ರಲ್ಲಿ ಸೊನ್ನೆ ಬರುತ್ತದೆ. ಕೊಳದಂಡೆ ಅವರೇ, 260/230 ಅನುಪಾತ (ಡಿಎನ್‌ಎ ಹೀರುವ 260 ನ್ಯಾನೋಮೀಟರ್ ಬೆಳಕಿಗೂ ಕಶ್ಮಲ ಹೀರುವ 230ಕ್ಕೂ ಇರುವ ಅನುಪಾತ) ಎಷ್ಟಿತ್ತು? ಇಳಿಸಿಕೊಂಡ ದ್ರಾವಣದ ಬಣ್ಣ ಹೇಗಿತ್ತು?

ಕೊಳದಂಡೆ:
260/230 ಅನುಪಾತ 0.7. ಬಣ್ಣವನ್ನು ಗಮನಿಸಿರಲಿಲ್ಲ, ಈಗ ಟ್ಯೂಬನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಎರಡನೆಯ ಕೊಳದ್ದು ತಿಳಿ ಚಹಾ ಬಣ್ಣಕ್ಕಿದೆ. ಮೊದಲನೆಯದು ಬಣ್ಣವಿಲ್ಲದೆ ತಿಳಿಯಾಗಿದೆ.

ಹ್ಯೂಮಿಕ್:
ಎರಡನೆಯ ಕೊಳದ ಸೊನ್ನೆಗೆ ಕಾರಣ ಬಹುತೇಕ ಅದೇ. ಆಂತರಿಕ ನಿಯಂತ್ರಣ ಹಾಕಿದ್ದಿರಾ?

ಕೊಳದಂಡೆ:
ಇಲ್ಲ.

ಹ್ಯೂಮಿಕ್:
ಮೊದಲು ಅದನ್ನು ಮಾಡಿ. ಕೊಳದಲ್ಲಿ ಇರಲು ಸಾಧ್ಯವೇ ಇಲ್ಲದ ಒಂದು ಕೃತಕ ಡಿಎನ್‌ಎಯನ್ನು ಗೊತ್ತಾದ ಪ್ರಮಾಣದಲ್ಲಿ ಕ್ರಿಯೆಗೆ ಸೇರಿಸಿ. ಶುದ್ಧ ನೀರಿನಲ್ಲಿ ಅದು 28ನೇ ಸುತ್ತಿಗೆ ಬಂದರೆ ಮಾದರಿಯಲ್ಲೂ ಸುಮಾರು 28ಕ್ಕೇ ಬರಬೇಕು. ಮೂರು ಸುತ್ತು ತಡವಾಯಿತು, ಅಥವಾ ಬರಲೇ ಇಲ್ಲ ಎಂದರೆ ಪ್ರತಿಬಂಧವಿದೆ, ಅಂದರೆ ಮಾದರಿಯಲ್ಲಿರುವ ಏನೋ ಪಿಸಿಆರ್ ಅನ್ನು ತಡೆಯುತ್ತಿದೆ ಎಂದರ್ಥ. ಆಮೇಲೆ ಅದೇ ಮಾದರಿಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಿ. ನಿಯಂತ್ರಣ ಸರಿಯಾದ ಜಾಗಕ್ಕೆ ಮರಳಿದರೆ ಸಂಶಯ ಉಳಿಯುವುದಿಲ್ಲ.

ಹೊಸ ಹೆಜ್ಜೆ:
ಹಾಗಾದರೆ ಎಲ್ಲ ಮಾದರಿಗಳನ್ನೂ ಹತ್ತು ಪಟ್ಟು ತೆಳು ಮಾಡಿಯೇ ಪಿಸಿಆರ್ ಮಾಡಬಹುದಲ್ಲ? ನಮ್ಮಲ್ಲಿ ಹಾಗೇ ಮಾಡುತ್ತಾರೆ.

ಲೆಕ್ಕದ ಪುಸ್ತಕ:
ದಯವಿಟ್ಟು ಮಾಡಬೇಡಿ. 0.29 ಪ್ರತಿ ಇದ್ದದ್ದು 0.029 ಆಗುತ್ತದೆ. ತೆಳು ಮಾಡುವುದು ಪ್ರತಿಬಂಧ ಎಂಬ ರೋಗದ ಪತ್ತೆಗೆ ಸರಿ, ವಿರಳ ಜಾತಿಗೆ ಅದೇ ಔಷಧವಲ್ಲ.

ಹ್ಯೂಮಿಕ್:
ಒಪ್ಪುತ್ತೇನೆ. ಔಷಧ ಬೇರೆ ಇವೆ. ಪ್ರತಿಬಂಧಕ ತೆಗೆಯುವ ಕಾಲಂ ಮೂಲಕ ಒಮ್ಮೆ ಹಾಯಿಸುವುದು, ಕ್ರಿಯೆಗೆ ಬಿಎಸ್‌ಎ ಪ್ರೋಟೀನ್ ಸೇರಿಸುವುದು, ಪರಿಸರ ಮಾದರಿಗಳಿಗೆಂದೇ ಬರುವ ಸಹಿಷ್ಣು ಮಿಶ್ರಣ ಬಳಸುವುದು. ಡಿಜಿಟಲ್ ಪಿಸಿಆರ್ ಕೈಗೆ ಸಿಕ್ಕರೆ ಅದೂ ಪ್ರತಿಬಂಧಕಗಳನ್ನು ಹೆಚ್ಚು ತಾಳಿಕೊಳ್ಳುತ್ತದೆ. ಕಾಲಂ ಹಾಯಿಸಿದಾಗ ಡಿಎನ್‌ಎಯೂ ಒಂದಿಷ್ಟು ಹೋಗುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಮಾತು. 230ರಲ್ಲಿ ಹೀರುವುದು ಹ್ಯೂಮಿಕ್ ಆಮ್ಲ ಮಾತ್ರವಲ್ಲ, ಕಿಟ್‌ನ ಗ್ವಾನಿಡಿನ್ ಲವಣ ಉಳಿದರೂ ಅನುಪಾತ ಹೀಗೆಯೇ ಕುಸಿಯುತ್ತದೆ. ಆದ್ದರಿಂದ 0.7 ಕಂಡ ಕೂಡಲೇ ತೀರ್ಪು ಕೊಡಬೇಡಿ, ನಿಯಂತ್ರಣ ಹಾಕಿಯೇ ನೋಡಿ.

ಹಳೆ ಪಿಪೆಟ್:
38 ನ್ಯಾನೋಗ್ರಾಂ ಧಾರಾಳ ಎಂದು ಬರೆದಿದ್ದೀರಿ, ಆ ವಿಷಯಕ್ಕೆ ಬರುತ್ತೇನೆ. ಕೊಳದ ನೀರಿನಿಂದ ತೆಗೆದ ಡಿಎನ್‌ಎಯಲ್ಲಿ ಹೆಚ್ಚಿನ ಪಾಲು ಬ್ಯಾಕ್ಟೀರಿಯಾ ಮತ್ತು ಪಾಚಿಯದು. ನಿಮ್ಮ ಮೀನಿನದು ಅದರಲ್ಲಿ ಲೆಕ್ಕಕ್ಕೇ ಸಿಗದಷ್ಟು ಸಣ್ಣ ಪಾಲು. ಒಟ್ಟು ಡಿಎನ್‌ಎ ಹೆಚ್ಚಾದರೆ ಮೀನಿನ ಡಿಎನ್‌ಎ ಹೆಚ್ಚಾಯಿತು ಎಂದೇನಲ್ಲ. ಮೇಲಾಗಿ ನ್ಯಾನೋಡ್ರಾಪ್ ಯಂತ್ರಕ್ಕೆ ಡಿಎನ್‌ಎ ಯಾವುದು, ಅದೇ ಬೆಳಕನ್ನು ಹೀರುವ ಇತರ ಕಶ್ಮಲ ಯಾವುದು ಎಂದು ತಿಳಿಯುವುದಿಲ್ಲ. ಪ್ರಮಾಣ ಅಳೆಯುವುದಾದರೆ ಕ್ಯೂಬಿಟ್‌ನಂತಹ ಪ್ರತಿದೀಪ್ತಿ ವಿಧಾನ ಬಳಸಿ. ಅದನ್ನೂ ಮೀನಿನ ಪ್ರಮಾಣ ಎಂದು ಓದಬೇಡಿ.

ಈಗ ಒಂದು ಸಣ್ಣ ಪ್ರಶ್ನೆ. ಅರ್ಧ ಫಿಲ್ಟರನ್ನು ಎಷ್ಟು ಬಫರ್‌ನಲ್ಲಿ ನೆನೆಸಿದಿರಿ?

ಕೊಳದಂಡೆ:
ಕಿಟ್ ಪುಸ್ತಿಕೆಯಲ್ಲಿ ಇದ್ದಂತೆ. 180 ಮೈಕ್ರೋಲೀಟರ್ ಬಫರ್, 20 ಮೈಕ್ರೋಲೀಟರ್ ಪ್ರೋಟಿನೇಸ್ ಕೆ ಕಿಣ್ವ, 56 ಡಿಗ್ರಿ ಸೆಲ್ಸಿಯಸ್, ರಾತ್ರಿಯಿಡೀ.

ಹಳೆ ಪಿಪೆಟ್:
ಬೆಳಿಗ್ಗೆ ಟ್ಯೂಬ್ ತೆರೆದಾಗ ಫಿಲ್ಟರ್ ದ್ರಾವಣದಲ್ಲಿ ಮುಳುಗಿತ್ತೇ, ಅಥವಾ ಒದ್ದೆಯಾಗಿತ್ತೇ?

ಕೊಳದಂಡೆ:
ಒದ್ದೆಯಾಗಿತ್ತು. ಮೇಲಿನ ಅಂಚು ಟ್ಯೂಬಿನ ಗೋಡೆಗೆ ಅಂಟಿಕೊಂಡು ಒಣಗಿದಂತಿತ್ತು. ಪಿಪೆಟ್‌ನಲ್ಲಿ ಎಳೆದಾಗ 120 ಮೈಕ್ರೋಲೀಟರ್ ಆಸುಪಾಸು ಬಂತು, ಅದನ್ನೇ ಮುಂದಕ್ಕೆ ಒಯ್ದೆ.

ಹಳೆ ಪಿಪೆಟ್:
80 ಮೈಕ್ರೋಲೀಟರ್ ಹೋದದ್ದು ಅಲ್ಲಿ. ಆ ಪುಸ್ತಿಕೆಯನ್ನು ಬರೆದಿರುವುದು ಒಂದು ಚೂರು ಅಂಗಾಂಶಕ್ಕೆ, ಹೀರುವ ಕಾಗದದಂತಹ ಫಿಲ್ಟರ್‌ಗಲ್ಲ. ಫಿಲ್ಟರ್ ದ್ರಾವಣವನ್ನು ಕುಡಿದು ಕೂತಿದೆ, ನೀವು ಅದನ್ನು ಕಸದ ಡಬ್ಬಿಗೆ ಹಾಕಿದ್ದೀರಿ. ಅಂಚು ಒಣಗಿದ್ದ ಕಡೆ ಕೋಶಗಳು ಒಡೆದೇ ಇರಲಿಲ್ಲ.

ನಾನು ಮಾಡುವ ಕ್ರಮ ಇದು. ಫಿಲ್ಟರನ್ನು ಸಂಗ್ರಹವಾದ ಮುಖ ಒಳಗೆ ಬರುವಂತೆ ಸುತ್ತಿ, ಆಮೇಲೆ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಸಂಪೂರ್ಣ ಮುಳುಗುವಷ್ಟು ಬಫರ್ ಹಾಕುತ್ತೇನೆ. ಅರ್ಧಕ್ಕೆ ಸಾಮಾನ್ಯವಾಗಿ ದುಪ್ಪಟ್ಟು ಸಾಕು, ಇಡೀ ಫಿಲ್ಟರ್‌ಗೆ ಅದಕ್ಕಿಂತ ಹೆಚ್ಚು. ನಡುನಡುವೆ ಟ್ಯೂಬ್ ತಿರುವಿ ಅಲುಗಿಸುತ್ತೇನೆ. ಮುಗಿದ ಮೇಲೆ 0.5 ಮಿಲಿಲೀಟರ್‌ನ ಪುಟ್ಟ ಟ್ಯೂಬಿನ ತಳಕ್ಕೆ ಕಾಯಿಸಿದ ಸೂಜಿಯಿಂದ ಒಂದು ತೂತು ಕೊರೆದು, ಒದ್ದೆ ಪಟ್ಟಿಗಳನ್ನು ಚಿಮಟದಿಂದ ಅದರೊಳಗೆ ತುಂಬಿ, ಆ ಟ್ಯೂಬನ್ನು 2 ಮಿಲಿಲೀಟರ್ ಟ್ಯೂಬಿನೊಳಗೆ ಕೂರಿಸಿ ಸೆಂಟ್ರಿಫ್ಯೂಜ್ ಮಾಡುತ್ತೇನೆ. ಕಂದು ದ್ರಾವಣವೆಲ್ಲ ಕೆಳಗಿಳಿಯುತ್ತದೆ, ಮೇಲೆ ಪಟ್ಟಿಗಳು ಒಣಗಿ ಬಿಳಚಿಕೊಂಡು ಉಳಿಯುತ್ತವೆ. ಆ ಬಿಳುಪು ಕಂಡರೆ ಮಾತ್ರ ನನಗೆ ಸಮಾಧಾನ.

ದ್ರಾವಣ ಹೆಚ್ಚಾದಷ್ಟೇ ಬಂಧಕ ಬಫರ್ ಮತ್ತು ಎಥನಾಲ್ ಅನ್ನೂ ಅದೇ ಅನುಪಾತದಲ್ಲಿ ಹೆಚ್ಚಿಸಬೇಕು. ಇದನ್ನು ಮರೆತರೆ ಡಿಎನ್‌ಎ ಕಾಲಂಗೆ ಅಂಟದೆ ಕೆಳಗೆ ಹರಿದುಹೋಗುತ್ತದೆ. ಒಂದೇ ಕಾಲಂನಲ್ಲಿ ಎರಡು ಮೂರು ಸಲ ಹಾಕಿ ಇಳಿಸಿ.

ಹೊಸ ಹೆಜ್ಜೆ:
ಕೊನೆಯಲ್ಲಿ ಇಳಿಸುವ ಬಫರನ್ನು ಬಿಸಿ ಮಾಡಬೇಕೇ?

ಹಳೆ ಪಿಪೆಟ್:
70 ಡಿಗ್ರಿಗೆ ಬಿಸಿ ಮಾಡಿ, ಕಾಲಂ ನಡುಭಾಗಕ್ಕೆ ಹಾಕಿ, ಐದು ನಿಮಿಷ ಬಿಟ್ಟು ತಿರುಗಿಸಿ. ಇಳಿದದ್ದನ್ನೇ ಮತ್ತೊಮ್ಮೆ ಅದೇ ಕಾಲಂಗೆ ಹಾಕಿ ಇಳಿಸಿದರೆ ಇನ್ನಷ್ಟು ಸಿಗುತ್ತದೆ. ಕಡಿಮೆ ಅಂಟುವ ಟ್ಯೂಬುಗಳಲ್ಲಿ ಇಡಿ. ಇಷ್ಟು ತೆಳುವಾದ ಡಿಎನ್‌ಎ ಪ್ಲಾಸ್ಟಿಕ್ ಗೋಡೆಗೂ ಅಂಟಿಕೊಳ್ಳುತ್ತದೆ.

ಮೂರು ಪದರ:
ಕಾಲಂ ಕಾಲಂ ಎನ್ನುತ್ತಿದ್ದೀರಿ. ಫೀನಾಲ್-ಕ್ಲೋರೋಫಾರಂ ವಿಧಾನವನ್ನು ಯಾರೂ ನೆನೆಯಲಿಲ್ಲವಲ್ಲ! ಫಿಲ್ಟರನ್ನು ನೇರ ಕೋಶ ಒಡೆಯುವ ಸಿಟಿಎಬಿ ಬಫರ್‌ನಲ್ಲಿ ನೆನೆಸಿ, ಕ್ಲೋರೋಫಾರಂ ಹಾಕಿ, ಮೇಲಿನ ಪದರ ತೆಗೆದು ಎಥನಾಲ್‌ನಲ್ಲಿ ಗಸಿ ಇಳಿಸಿದರೆ ಇಳುವರಿ ಚೆನ್ನಾಗಿರುತ್ತದೆ. ಕಾಲಂಗಳಲ್ಲಿ ತೀರಾ ಗಿಡ್ಡ ತುಣುಕುಗಳು ನಷ್ಟವಾಗುತ್ತವೆ, ಇಲ್ಲಿ ಆ ಭಯ ಕಡಿಮೆ.

ತಿಳಿನೀರು:
ಇಳುವರಿ ಬರುತ್ತದೆ ನಿಜ, ಆದರೆ ಫೀನಾಲ್ ಚರ್ಮ ಸುಡುತ್ತದೆ, ಹೊಗೆಗೂಡು ಬೇಕು, ತ್ಯಾಜ್ಯವನ್ನು ಬೇರೆಯಾಗಿ ವಿಲೇವಾರಿ ಮಾಡಬೇಕು. ಒಂದು ದಿನಕ್ಕೆ ನಲವತ್ತು ಮಾದರಿ ಮಾಡುವವರಿಗೆ ಅದು ನಡೆಯುವ ಮಾತಲ್ಲ. ಪದರ ಎಳೆಯುವಾಗ ಒಬ್ಬೊಬ್ಬರ ಕೈ ಒಂದೊಂದು ರೀತಿ, ಮಾದರಿಯಿಂದ ಮಾದರಿಗೆ ಇಳುವರಿಯೂ ಹಾಗೆಯೇ ಏರಿಳಿಯುತ್ತದೆ.

ಮೂರು ಪದರ:
ಕೈ ಪಳಗಿದರೆ ಏರಿಳಿಯುವುದಿಲ್ಲ. ಗಸಿ ಕಾಣದಷ್ಟು ಕಡಿಮೆಯಿದ್ದರೆ ಗ್ಲೈಕೋಜನ್ ಹಾಕಿ, ಟ್ಯೂಬಿನ ತಳದಲ್ಲಿ ಬಿಳಿ ಚುಕ್ಕೆ ಕಾಣುತ್ತದೆ, ಸುರಿಯುವಾಗ ಕೈತಪ್ಪುವುದಿಲ್ಲ.

ನದೀಮುಖ:
ಪ್ರಯೋಗಾಲಯದ ಜಗಳ ಬಿಡಿ, ದಂಡೆಯ ಮೇಲಿನ ಕೆಲಸದ ಬಗ್ಗೆ ಕೇಳುತ್ತೇನೆ. ನೀರು ತೆಗೆದು ಎಷ್ಟು ಹೊತ್ತಿಗೆ ಸೋಸಿದಿರಿ? ಹೇಗೆ ಸಾಗಿಸಿದಿರಿ?

ಕೊಳದಂಡೆ:
ಮೊದಲ ಕೊಳದ ನೀರನ್ನು ಅದೇ ಸಂಜೆ ಸೋಸಿದೆ. ಎರಡು ಮತ್ತು ಮೂರನೆಯ ಕೊಳದ ನೀರನ್ನು ಅಂದು ಮುಗಿಸಲಾಗಲಿಲ್ಲ. ಕೆಡಬಾರದು ಎಂದು ಬಾಟಲಿಗಳನ್ನೇ ಫ್ರೀಜರ್‌ನಲ್ಲಿಟ್ಟು ಎರಡು ದಿನದ ನಂತರ ಕರಗಿಸಿ ಸೋಸಿದೆ.

ನದೀಮುಖ:
ಇಲ್ಲೇ ಎಡವಿದ್ದೀರಿ. ನೀರು ಹೆಪ್ಪುಗಟ್ಟಿ ಕರಗುವಾಗ ಕೋಶಗಳು ಒಡೆಯುತ್ತವೆ. ಕೋಶದೊಳಗಿದ್ದ ಡಿಎನ್‌ಎ ನೀರಿಗೆ ಬಿಡುಗಡೆಯಾಗುತ್ತದೆ. ಬಿಡಿ ಡಿಎನ್‌ಎ 0.45 ಮೈಕ್ರಾನ್ ರಂಧ್ರದ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ನೀವು ಚರಂಡಿಗೆ ಚೆಲ್ಲಿದ ನೀರಿನಲ್ಲಿ ನಿಮ್ಮ ಮೀನು ಇತ್ತು. ಫ್ರೀಜರ್‌ಗೆ ಹೋಗಬೇಕಾದದ್ದು ಸೋಸಿದ ಫಿಲ್ಟರ್, ಸೋಸದ ನೀರಲ್ಲ.

ಅದೇ ದಿನ ಸೋಸಲಾಗದಿದ್ದರೆ ಹಿಮದ ಪೆಟ್ಟಿಗೆಯಲ್ಲಿ 4 ಡಿಗ್ರಿ ಆಸುಪಾಸಿನಲ್ಲಿ ಕತ್ತಲಲ್ಲಿಡಿ, 24 ಗಂಟೆಯೊಳಗೆ ಸೋಸಿ. ಇನ್ನೂ ತಡವಾಗುತ್ತದೆ ಎಂದಾದರೆ ಬೆಂಜಾಲ್ಕೋನಿಯಂ ಕ್ಲೋರೈಡ್ ಶೇಕಡಾ 0.01 ಆಗುವಂತೆ ನೀರಿಗೇ ಸೇರಿಸಿ. ಜಪಾನಿನ ಸಂಶೋಧಕರು 2017ರಲ್ಲಿ ಇದನ್ನು ತೋರಿಸಿದರು, ಬೆಚ್ಚಗಿನ ವಾತಾವರಣದಲ್ಲೂ ಡಿಎನ್‌ಎ ಕರಗಿಹೋಗುವುದು ಬಹಳ ನಿಧಾನವಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ದಂಡೆಯಲ್ಲೇ ಸೋಸುವುದು. ನಾನು 60 ಮಿಲಿಲೀಟರ್ ಸಿರಿಂಜ್ ಮತ್ತು ಸ್ಟೆರಿವೆಕ್ಸ್ ಮುಚ್ಚು ಫಿಲ್ಟರ್ ಬಳಸುತ್ತೇನೆ. ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತದೆ, ಆದರೆ ಫಿಲ್ಟರನ್ನು ಕೈಯಿಂದ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಸೋಸಿದ ಮೇಲೆ ಒಳಗೆ ಗಾಳಿ ತಳ್ಳಿ ನೀರನ್ನು ಪೂರ್ತಿ ಹೊರಹಾಕಿ, ಡಿಎನ್‌ಎ ಕೆಡದಂತೆ ಕಾಯುವ ಲಾಂಗ್‌ಮಯರ್ ಬಫರ್ ಅಥವಾ ಎಥನಾಲ್ ತುಂಬಿ, ಎರಡೂ ತುದಿ ಮುಚ್ಚಿ ಚೀಲಕ್ಕೆ ಹಾಕುತ್ತೇನೆ.

ಹೊಸ ಹೆಜ್ಜೆ:
ಹೆಪ್ಪುಗಟ್ಟಿಸಬಾರದು ಎಂದು ನನಗೂ ಗೊತ್ತಿರಲಿಲ್ಲ. ಮಾಂಸ, ರಕ್ತ ಎಲ್ಲವನ್ನೂ ಫ್ರೀಜರ್‌ನಲ್ಲೇ ಇಡುತ್ತೇವಲ್ಲ.

ನದೀಮುಖ:
ಅಲ್ಲಿ ಕೋಶ ಒಡೆದರೂ ಡಿಎನ್‌ಎ ಟ್ಯೂಬಿನಲ್ಲೇ ಇರುತ್ತದೆ. ಇಲ್ಲಿ ಮುಂದೆ ಸೋಸಬೇಕಾದದ್ದಿದೆ, ವ್ಯತ್ಯಾಸ ಅಷ್ಟೇ. ಎಥನಾಲ್ ಗಸಿ ವಿಧಾನದಲ್ಲಾದರೆ ಇಷ್ಟು ತೊಂದರೆಯಿಲ್ಲ, ಅದು ಬಿಡಿ ಡಿಎನ್‌ಎಯನ್ನೂ ಹಿಡಿಯುತ್ತದೆ. ಕಪ್ಪೆಮರಿ ಅವರ ಪರವಾಗಿ ಈ ಒಂದು ಅಂಕ.

ಕಪ್ಪೆಮರಿ:
ಧನ್ಯವಾದ!

ತಿಳಿನೀರು:
ಮತ್ತೆ ರಂಧ್ರದ ಗಾತ್ರಕ್ಕೆ ಬರುತ್ತೇನೆ. ಸಾಮಾನ್ಯ ಕಾರ್ಪ್ ಮೀನಿನ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲಿ ಅದರ ಡಿಎನ್‌ಎ ಹೆಚ್ಚಾಗಿ ಸಿಕ್ಕಿದ್ದು 1ರಿಂದ 10 ಮೈಕ್ರಾನ್ ಗಾತ್ರದ ಕಣಗಳಲ್ಲಿ. ಅಂದರೆ ಲೋಳೆ, ಮಲ, ಉದುರಿದ ಚರ್ಮದ ಜೊತೆ ಬಂದ ಕೋಶಗಳು ಮತ್ತು ಅವುಗಳ ತುಣುಕುಗಳು. 1.2 ಮೈಕ್ರಾನ್ ಫಿಲ್ಟರ್ ಇದರ ಬಹುಪಾಲನ್ನು ಹಿಡಿಯುತ್ತದೆ, ಜೊತೆಗೆ ನಾಲ್ಕೈದು ಪಟ್ಟು ನೀರು ಸೋಸಬಹುದು. 0.45ರಲ್ಲಿ ಉಳಿಯುವ ಸಣ್ಣ ಕಣಗಳಿಗಾಗಿ ಅಷ್ಟು ನೀರನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಮೂರು ಪದರ:
ಕಾರ್ಪ್‌ಗೆ ಸರಿಯಾದದ್ದು ಎಲ್ಲ ಪ್ರಾಣಿಗಳಿಗೂ ಸರಿಯೇ? ನೀರಿನಲ್ಲಿ ಹೊತ್ತು ಕಳೆದಂತೆ ಕಣಗಳು ಒಡೆದು ಸಣ್ಣದಾಗುತ್ತವೆ. ಹರಿವಿನ ಕೆಳಗೆ ದೂರದಲ್ಲಿ ತೆಗೆದರೆ ಲೆಕ್ಕ ಬೇರೆಯಾಗಬಹುದು.

ತಿಳಿನೀರು:
ಆಗಬಹುದು. ಅದಕ್ಕಾಗಿಯೇ ದೊಡ್ಡ ಅಧ್ಯಯನಕ್ಕೆ ಮೊದಲು ಅದೇ ನೀರಿನಲ್ಲಿ ಎರಡು ಮೂರು ರಂಧ್ರ ಗಾತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು ಎನ್ನುತ್ತೇನೆ. ಹೂಳು ತಡೆಯಲು ದೊಡ್ಡ ರಂಧ್ರದ ಮುಂಗಡ ಫಿಲ್ಟರ್ ಇಡುವವರಿಗೂ ಒಂದು ಮಾತು: ಅದನ್ನು ಎಸೆಯಬೇಡಿ, ಅದರಿಂದಲೂ ಡಿಎನ್‌ಎ ತೆಗೆಯಿರಿ. ನಿಮಗೆ ಬೇಕಾದ ಕಣಗಳು ಮೊದಲು ಸಿಕ್ಕಿಬೀಳುವುದೇ ಅಲ್ಲಿ. ಇಲ್ಲವಾದರೆ ಒಂದು ಮಾದರಿಯ ಒಂದು ಲೀಟರನ್ನು ನಾಲ್ಕು ಫಿಲ್ಟರ್‌ಗಳಿಗೆ ಹಂಚಿ, ನಾಲ್ಕರ ಡಿಎನ್‌ಎಯನ್ನೂ ಒಂದೇ ಕಾಲಂಗೆ ಇಳಿಸಿ.

ಕುತೂಹಲಿ:
ನಾನು ಈ ಕ್ಷೇತ್ರದವನಲ್ಲ, ಓದುತ್ತಾ ಬಂದೆ. ಇಷ್ಟೆಲ್ಲ ಸೋಸುವ ಬದಲು ನೀರಿನಲ್ಲಿ ಏನನ್ನಾದರೂ ನೇತುಹಾಕಿ ಡಿಎನ್‌ಎ ತಾನಾಗಿ ಅಂಟಿಕೊಳ್ಳುವಂತೆ ಮಾಡಲು ಬರುವುದಿಲ್ಲವೇ?

ನದೀಮುಖ:
ಬರುತ್ತದೆ, ಒಳ್ಳೆಯ ಪ್ರಶ್ನೆ. 2021ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಫಿಲ್ಟರ್ ಪೊರೆಗಳನ್ನು ಪಂಪಿಲ್ಲದೆ ನೇರ ಸಮುದ್ರಕ್ಕೇ ಇಳಿಬಿಟ್ಟು ಮೀನುಗಳ ಡಿಎನ್‌ಎ ಸಂಗ್ರಹಿಸಿದರು. ಪ್ರಕೃತಿಯಲ್ಲಿ ಈ ಕೆಲಸ ಮಾಡುವ ಜೀವಿಗಳೂ ಇವೆ. ಸ್ಪಂಜು ಪ್ರಾಣಿಗಳು ದಿನವಿಡೀ ನೀರು ಸೋಸುತ್ತವೆ. ಅವುಗಳ ಅಂಗಾಂಶದಿಂದ ಸುತ್ತಲಿನ ಮೀನುಗಳ ಡಿಎನ್‌ಎ ತೆಗೆದಿದ್ದಾರೆ, ಅದು 2019ರ ಪ್ರಬಂಧ. ಬಗ್ಗಡ ನೀರಿಗೆ ಈ ದಾರಿ ಬಹಳ ಹಿಡಿಸುತ್ತದೆ, ಕಟ್ಟಿಕೊಳ್ಳುವ ಮಾತೇ ಇಲ್ಲ. ತೊಡಕೆಂದರೆ ಎಷ್ಟು ನೀರಿನಿಂದ ಬಂತು ಎಂದು ಹೇಳಲಾಗುವುದಿಲ್ಲ. ಹಳೆ ಪಿಪೆಟ್ ಅವರ ಲೆಕ್ಕ ಅಲ್ಲಿ ನಿಂತುಹೋಗುತ್ತದೆ.

ಕುತೂಹಲಿ:
ಡಿಎನ್‌ಎ ಎಷ್ಟಿದೆ ಎಂದು ನೋಡಿ ಎಷ್ಟು ಮೀನುಗಳಿವೆ ಎಂದು ಹೇಳಬಹುದೇ?

ಲೆಕ್ಕದ ಪುಸ್ತಕ:
ಸಂಖ್ಯೆ ಹೇಳಲಾಗುವುದಿಲ್ಲ. ಮೀನು ಹೆಚ್ಚಿದ್ದರೆ ಡಿಎನ್‌ಎ ಹೆಚ್ಚು ಎಂಬ ಒಲವು ಕಾಣುತ್ತದೆ, ಆದರೆ ತಾಪಮಾನ, ಬಿಸಿಲು, ಮೊಟ್ಟೆಯಿಡುವ ಕಾಲ, ಹರಿವು ಎಲ್ಲವೂ ನಡುವೆ ಬರುತ್ತವೆ. ಸತ್ತು ಬಿದ್ದ ಒಂದು ಮೀನು ಕೂಡ ಡಿಎನ್‌ಎ ಬಿಡುತ್ತದೆ. ಕೊಳಚೆ ನೀರು ಸೇರುವ ಕಡೆ ಜನ ತಿಂದ ಮೀನಿನ ಡಿಎನ್‌ಎಯೂ ಬರುತ್ತದೆ.

ಹೊಸ ಹೆಜ್ಜೆ:
ಉಪಕರಣ ಶುಚಿಗೊಳಿಸುವುದು ಹೇಗೆ ಎಂದು ಯಾರಾದರೂ ಹೇಳಿ. ಎಲ್ಲವನ್ನೂ ಬ್ಲೀಚ್‌ನಲ್ಲಿ ಅದ್ದಿದರೆ ಸಾಕೇ? ನಾನು ಕಾಲಂಗಳಿಂದ ಇಳಿದ ತ್ಯಾಜ್ಯಕ್ಕೂ ಬ್ಲೀಚ್ ಸುರಿಯಬೇಕೆಂದಿದ್ದೇನೆ.

ಹಳೆ ಪಿಪೆಟ್:
ನಿಲ್ಲಿ, ಸುರಿಯಬೇಡಿ! ಕಿಟ್‌ನ ಬಂಧಕ ಬಫರ್ ಮತ್ತು ಮೊದಲ ತೊಳೆಯುವ ಬಫರ್‌ನಲ್ಲಿ ಗ್ವಾನಿಡಿನ್ ಲವಣವಿರುತ್ತದೆ. ಅದಕ್ಕೆ ಬ್ಲೀಚ್ ಸೇರಿದರೆ ವಿಷಾನಿಲ ಹೊರಡುತ್ತದೆ. ಆ ತ್ಯಾಜ್ಯಕ್ಕೆ ಬೇರೆಯೇ ಬಾಟಲಿ ಇಡಿ, ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ನಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಒಬ್ಬರು ಸಿಂಕಿನಲ್ಲಿ ಎರಡನ್ನೂ ಸುರಿದು, ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿ ಬಂದಿದ್ದೆವು. ಇಂದಿಗೂ ಆ ವಾಸನೆ ನೆನಪಿದೆ.

ಬಾಟಲಿ, ಚಿಮಟ, ಫಿಲ್ಟರ್ ಹಿಡಿಕೆಗೆ ಮನೆಬಳಕೆಯ ಬ್ಲೀಚ್ ಹತ್ತರಲ್ಲಿ ಒಂದು ಪಾಲು, ಹತ್ತು ನಿಮಿಷ. ಆಮೇಲೆ ಡಿಎನ್‌ಎ ಇಲ್ಲದ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬ್ಲೀಚ್ ಒಂದು ಹನಿ ಉಳಿದರೂ ಮುಂದಿನ ಮಾದರಿಯ ಡಿಎನ್‌ಎಯನ್ನು ಅದು ತಿನ್ನುತ್ತದೆ. ಬೇಕಿದ್ದರೆ ಸೋಡಿಯಂ ಥಯೋಸಲ್ಫೇಟ್‌ನಿಂದ ಬ್ಲೀಚನ್ನು ತಣಿಸಬಹುದು.

ಹೊಸ ಹೆಜ್ಜೆ:
ಅಯ್ಯೋ, ಕೇಳಿದ್ದು ಒಳ್ಳೆಯದಾಯಿತು. ತುಂಬಾ ಧನ್ಯವಾದಗಳು.

ಲೆಕ್ಕದ ಪುಸ್ತಕ:
ಹಳೆ ಪಿಪೆಟ್ ಅವರಿಗೆ ಒಂದು ತಕರಾರು. ಸೋರಿಕೆಯ ಲೆಕ್ಕ ಇಡಿ ಎಂದಿರಿ, ಅಳೆಯುವುದು ಹೇಗೆ? ಬಹಳ ಮಂದಿ ಬಫರ್‌ಗೆ ಕೃತಕ ಡಿಎನ್‌ಎ ಸೇರಿಸಿ ಎಷ್ಟು ಮರಳಿ ಬಂತು ಎಂದು ನೋಡಿ, ಅದನ್ನೇ ಇಡೀ ವಿಧಾನದ ಇಳುವರಿ ಎಂದು ಬರೆಯುತ್ತಾರೆ. ಅದು ಕಾಲಂ ಹಂತದ ನಷ್ಟ ಮಾತ್ರ. ಸೋಸುವಾಗ ಏನಾಯಿತು, ಕೋಶ ಒಡೆಯಿತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ಹಳೆ ಪಿಪೆಟ್:
ತಕರಾರು ಸರಿಯಾಗಿದೆ. ಬಿಡಿ ಡಿಎನ್‌ಎಯನ್ನು ನೀರಿಗೇ ಹಾಕಿದರೂ ಪ್ರಯೋಜನವಿಲ್ಲ, ಅದು ಫಿಲ್ಟರ್ ಮೂಲಕ ಜಾರಿ ಹೋಗುತ್ತದೆ. ನಾನು ಮಾಡುವುದು ಎರಡು ಪರೀಕ್ಷೆ. ಒಂದು, ಆ ನೀರಿನಲ್ಲಿ ಬದುಕದ ಬೇರೊಂದು ಪ್ರಾಣಿಯ ಕೋಶಗಳನ್ನು ಗೊತ್ತಾದ ಪ್ರಮಾಣದಲ್ಲಿ ನೀರಿಗೆ ಸೇರಿಸಿ ಸೋಸುವುದು. ಎರಡು, ಬಫರ್‌ಗೆ ಕೃತಕ ಡಿಎನ್‌ಎ. ಎರಡರ ಫಲಿತಾಂಶಗಳ ನಡುವಿನ ಅಂತರ ಸೋಸುವ ಮತ್ತು ಕೋಶ ಒಡೆಯುವ ಹಂತಗಳ ನಷ್ಟ. ಪ್ರತಿ ಮಾದರಿಗೂ ಬೇಡ, ವಿಧಾನ ಹೊಂದಿಸುವಾಗ ಮಾಡಿದರೆ ಸಾಕು.

ಕೊಳದಂಡೆ:
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಮೊದಲು ಹ್ಯೂಮಿಕ್ ಅವರು ಹೇಳಿದ ನಿಯಂತ್ರಣ ಹಾಕಿದೆ. ಶುದ್ಧ ನೀರಿನಲ್ಲಿ 28.1. ಮೊದಲ ಕೊಳದಲ್ಲಿ 28.9. ಎರಡನೆಯದರಲ್ಲಿ ಬರಲೇ ಇಲ್ಲ, ಹತ್ತು ಪಟ್ಟು ತೆಳು ಮಾಡಿದಾಗ 28.3ಕ್ಕೆ ಬಂತು. ಮೂರನೆಯದರಲ್ಲಿ 28.4. ಅಂದರೆ ಎರಡನೆಯ ಕೊಳದ ಸೊನ್ನೆ ಸೊನ್ನೆಯಾಗಿರಲೇ ಇಲ್ಲ, ಯಂತ್ರಕ್ಕೆ ಕಣ್ಣು ಕಟ್ಟಿತ್ತು.

ಆಮೇಲೆ ಫ್ರೀಜರ್‌ನಲ್ಲಿದ್ದ ಅರ್ಧ ಫಿಲ್ಟರ್‌ಗಳನ್ನು ತೆಗೆದೆ. ಪಟ್ಟಿಗಳಾಗಿ ಕತ್ತರಿಸಿ, 400 ಮೈಕ್ರೋಲೀಟರ್ ದ್ರಾವಣದಲ್ಲಿ ಮುಳುಗಿಸಿ, ತೂತಿನ ಟ್ಯೂಬಿನಲ್ಲಿ ಹಿಂಡಿದೆ. ಪಟ್ಟಿಗಳು ನಿಜವಾಗಿಯೂ ಬಿಳಚಿಕೊಂಡವು, ನೋಡಿ ಬಹಳ ಸಂತೋಷವಾಯಿತು. ಪ್ರತಿಬಂಧಕ ತೆಗೆಯುವ ಕಾಲಂ ಹಾಯಿಸಿ, 50 ಮೈಕ್ರೋಲೀಟರ್‌ಗೆ ಇಳಿಸಿ, ಕ್ರಿಯೆಗೆ 4 ಹಾಕಿದೆ. ಹೊಸ ಕಿಟ್ ತರಿಸಲಿಲ್ಲ.

ಮೊದಲ ಕೊಳ 8ರಲ್ಲಿ 7. ಎರಡನೆಯದು 8ರಲ್ಲಿ 3. ಮೂರನೆಯದು ಈಗಲೂ ಸೊನ್ನೆ. ಖಾಲಿ ಮಾದರಿಗಳೆಲ್ಲ ಶುದ್ಧ.

ಲೆಕ್ಕದ ಪುಸ್ತಕ:
ಅರ್ಧ ಫಿಲ್ಟರ್, 50ರಲ್ಲಿ 4, ಅಂದರೆ ಕ್ರಿಯೆಗೆ 8 ಮಿಲಿಲೀಟರ್ ನೀರು. ಬರೀ ಪ್ರಮಾಣದ ಲೆಕ್ಕದಿಂದ 5 ಅಥವಾ 6 ನಿರೀಕ್ಷಿಸಬಹುದಿತ್ತು. ಬಂದಿರುವುದು 7. ಹಿಂಡಿ ತೆಗೆದದ್ದು ಕೈ ಹಿಡಿದಿದೆ ಎನಿಸುತ್ತದೆ, ಆದರೆ ಎಂಟು ಕ್ರಿಯೆಗಳಲ್ಲಿ ಒಂದರ ಅಂತರದ ಮೇಲೆ ನಾನು ಪಂದ್ಯ ಕಟ್ಟುವುದಿಲ್ಲ.

ನದೀಮುಖ:
ಮೂರನೆಯ ಕೊಳದಲ್ಲಿ ಮೀನು ಇಲ್ಲ ಎಂದು ವರದಿಯಲ್ಲಿ ಬರೆಯಬೇಡಿ. ಆ ನೀರು ಫ್ರೀಜರ್‌ಗೆ ಹೋಗಿ ಬಂದದ್ದು. ಪತ್ತೆಯಾಗಲಿಲ್ಲ ಎಂದಷ್ಟೇ ಬರೆಯಿರಿ, ಎಷ್ಟು ಮಿಲಿಲೀಟರ್ ನೀರು ನೋಡಿದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಕೊಳದಂಡೆ:
ಹಾಗೆಯೇ ಬರೆದಿದ್ದೇನೆ. ಮುಂದಿನ ವಾರ ಮೂರೂ ಕೊಳಗಳಿಗೆ ಮತ್ತೆ ಹೋಗುತ್ತೇನೆ. 20 ಕಡೆಯಿಂದ ನೀರು ತೆಗೆದು ಕಲಸಿ, 1.2 ಮೈಕ್ರಾನ್ ಗಾಜಿನ ಫಿಲ್ಟರ್‌ನಲ್ಲಿ ದಂಡೆಯ ಮೇಲೇ ಸೋಸುವ ಯೋಚನೆ. ಪಕ್ಕದಲ್ಲಿ 0.45 ಅನ್ನೂ ಇಟ್ಟು ಹೋಲಿಸುತ್ತೇನೆ. ಖಾಲಿ ಮಾದರಿಗೆ ಶುದ್ಧ ನೀರನ್ನು ಇಲ್ಲಿಂದಲೇ ಒಯ್ದು ಅಲ್ಲೇ ಸೋಸಬೇಕಲ್ಲವೇ?

ನದೀಮುಖ:
ಹೌದು, ಪ್ರತಿ ಕೊಳದಲ್ಲೂ ಒಂದು. ಕೊಳದ ನೀರು ಮುಟ್ಟುವ ಮೊದಲು ಅದನ್ನು ಸೋಸಿಬಿಡಿ. ಪ್ರತಿ ಫಿಲ್ಟರ್‌ಗೂ ಬೇರೆ ಚಿಮಟ, ಬೇರೆ ಕೈಗವಸು. ಕೊಳಕ್ಕೆ ಕಾಲಿಡದೆ ದಂಡೆಯಿಂದಲೇ ಕೋಲಿಗೆ ಕಟ್ಟಿದ ಪಾತ್ರೆಯಲ್ಲಿ ನೀರು ತೆಗೆಯಿರಿ, ತಳದ ಹೂಳು ಏಳಬಾರದು.